ಉತ್ತರ ಕೊಡದ ಎರಡು ವಿಳಾಸಗಳು

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ, "ಆಫೀಸಿನ ನೆಟ್ ಕೆಟ್ಟಿದ್ದ ಕತೆ ಬರೆಯಲಾ ಮೇಡಂ?" ಎಂದೆ. ಅವರು ನಕ್ಕು, "ಅದರಲ್ಲಿ ಓದುವಂಥದ್ದೇನಿದೆ?" ಎಂದರು. "ನಾನು ಒಬ್ಬರ ಮೇಲೆ ಸುಳ್ಳು ಆರೋಪ ಹೊರಿಸಿದ್ದೂ ಅದರಲ್ಲೇ ಇದೆ" ಎಂದೆ. ಮೇಡಂ ನಗು ನಿಲ್ಲಿಸಿ, "ಹಾಗಾದರೆ ಬರೆ" ಎಂದರು.

ಕಳೆದ ಡಿಸೆಂಬರ್. ವಿದ್ಯಾರ್ಥಿವೇತನದ ಅರ್ಜಿಗಳ ಕೊನೆಯ ದಿನಗಳು. ನಾವು ಮೊಬೈಲಿನಲ್ಲೋ ಸೈಬರ್ ಸೆಂಟರಿನಲ್ಲೋ ಅರ್ಜಿ ಹಾಕಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕಾಲೇಜಿನವರು ಒಂದೊಂದು ಅರ್ಜಿಯನ್ನೂ ತೆರೆದು, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಎಲ್ಲ ತಾಳೆ ನೋಡಿ ಒಪ್ಪಿಗೆ ಕೊಡಬೇಕು. ಆ ಕೆಲಸ ಆಫೀಸಿನ ಕ್ಲರ್ಕ್ ಮೇಡಂ ಅವರದು. ಅವರ ಮುಂದೆ ಆಗ 63 ಅರ್ಜಿಗಳು ಬಾಕಿ ಇದ್ದವು. ಅದರಲ್ಲಿ ನನ್ನದೂ ಒಂದು. ನಮ್ಮ ಅಬ್ಬಾ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಆ ಹಣ ನಮ್ಮ ಮನೆಯಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂದು ನಿಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗಿದ್ದು ದಸರಾ ರಜೆ ಮುಗಿದ ಮೇಲೆ. ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಮ್ಮೊಮ್ಮೆ ವಿಳಾಸ ಸಿಗಲಿಲ್ಲ ಎಂಬ ಸಾಲು ಬರುತ್ತಿತ್ತು. ಅದೇ ಪುಟವನ್ನು ಮತ್ತೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತಿತ್ತು. ಕೆಲವೊಮ್ಮೆ ಅರ್ಜಿ ತೆರೆದರೂ ಫೋಟೋ ಬರುತ್ತಿರಲಿಲ್ಲ, ಒಟಿಪಿ ಹಾಕುವ ಪೆಟ್ಟಿಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಸಮಯ ಮೀರಿ ಮೊದಲಿನಿಂದ ಲಾಗಿನ್ ಆಗಬೇಕಿತ್ತು. ಪ್ರಥಮ ಪಿಯುಸಿಯ ಒಬ್ಬ ಹುಡುಗ ಶನಿವಾರ ಮಧ್ಯಾಹ್ನ ಅಂಗಡಿ ಕೆಲಸಕ್ಕೆ ಹೋಗುವವನು, ಮೂರು ಶನಿವಾರ ಕೆಲಸ ಬಿಟ್ಟು ಆಫೀಸಿನ ಬೆಂಚಿನ ಮೇಲೆ ಕಾದು ಕುಳಿತದ್ದನ್ನು ನಾನೇ ನೋಡಿದ್ದೇನೆ.

ನಾನು ಪಿಸಿಎಂಸಿ ವಿದ್ಯಾರ್ಥಿನಿ. ಲ್ಯಾಬಿನಲ್ಲಿ ಕೇಬಲ್ ಸಿಕ್ಕಿಸುವುದು, ಪ್ರಿಂಟರ್ ಸರಿಮಾಡುವುದು ನನಗೆ ಇಷ್ಟ. ಹಾಗಾಗಿ ಕಂಪ್ಯೂಟರ್ ಸೈನ್ಸ್ ಸರ್ ಆಫೀಸಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ನಾನು ಮೊದಲ ದಿನವೇ ಪಂಡಿತೆಯಾದೆ.

ಕ್ಲರ್ಕ್ ಮೇಡಂ ಹೇಳಿದ ಒಂದು ಮಾತು ನನ್ನ ಕಿವಿಯಲ್ಲಿ ನಿಂತಿತು. "ಮಧ್ಯಾಹ್ನ ಊಟ, ನಮಾಝ್ ಮುಗಿಸಿ ಬಂದ ಮೇಲೆ ನೋಡಮ್ಮ, ಒಂದು ಪುಟವೂ ನೆಟ್ಟಗೆ ತೆರೆಯಲ್ಲ. ಎರಡೂವರೆ ಹೊತ್ತಿಗೆ ತಾನಾಗೇ ಸರಿಹೋಗುತ್ತೆ." ಹಾಗಾದರೆ ಬ್ರೇಕಿನಲ್ಲಿ ಏನೋ ನಡೆಯುತ್ತಿದೆ ಎಂದು ನಾನು ಲೆಕ್ಕ ಹಾಕಿದೆ. ಮರುದಿನ ಬ್ರೇಕಿನಲ್ಲಿ ಹೋಗಿ ನಿಂತೆ. ನಮ್ಮ ಅಟೆಂಡರ್ ಚಾಚಾ ಆಫೀಸಿಗೆ ಬಂದು ಫ್ಯಾನು, ಲೈಟು ಆಫ್ ಮಾಡಿ, ಸರ್ವರ್ ಇರುವ ಮೂಲೆಯ ಸ್ವಿಚ್‌ಬೋರ್ಡಿನಲ್ಲೂ ಏನೋ ಟಕ್ಕೆಂದು ಒತ್ತಿ ಬಾಗಿಲು ಹಾಕಿಕೊಂಡು ಹೋದರು. ನನಗೆ ಅಷ್ಟೇ ಸಾಕಾಯಿತು. ಕ್ಲರ್ಕ್ ಮೇಡಂ ಬಂದಾಗ, "ಚಾಚಾ ಬ್ರೇಕಿನಲ್ಲಿ ನೆಟ್‌ವರ್ಕ್ ಪೆಟ್ಟಿಗೆಯ ಸ್ವಿಚ್ ಆಫ್ ಮಾಡ್ತಾರೆ, ಅದಕ್ಕೇ ಹೀಗೆ" ಎಂದುಬಿಟ್ಟೆ.

ಮಾತು ಸಂಜೆಯೊಳಗೆ ಪ್ರಿನ್ಸಿಪಾಲ್ ಸರ್ ತನಕ ಹೋಯಿತು. ಚಾಚಾರನ್ನು ಕರೆಸಿದರು. ನಾನು ಹೊರಗೆ ವರಾಂಡದಲ್ಲಿದ್ದೆ. "ಅಷ್ಟು ವರ್ಷದಿಂದ ಇದ್ದೀರಿ, ಯಾವುದು ಮುಟ್ಟಬೇಕು ಯಾವುದು ಮುಟ್ಟಬಾರದು ಗೊತ್ತಾಗಲ್ವಾ?" ಎಂಬ ಮಾತು ಕೇಳಿಸಿತು. ಚಾಚಾ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೊರಗೆ ಬಂದವರು ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಗಂಟೆ ಹೊಡೆಯಲು ಹೋದರು. ಅವರು ಏನೂ ಹೇಳದೆ ಇದ್ದದ್ದನ್ನು ನಾನು ತಪ್ಪೊಪ್ಪಿಗೆ ಎಂದೇ ತಿಳಿದೆ.

ಮರುದಿನದಿಂದ ಚಾಚಾ ಆ ಮೂಲೆಯ ಹತ್ತಿರವೂ ಸುಳಿಯಲಿಲ್ಲ. ಆದರೆ ಎರಡು ಗಂಟೆಗೆ ಪುಟ ತೆರೆಯಲಿಲ್ಲ.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಸರ್ವರನ್ನು ರೀಸ್ಟಾರ್ಟ್ ಮಾಡಿಸಿದೆ. ಐದು ನಿಮಿಷ ಇನ್ನೂ ಕೆಟ್ಟಿತು, ಆಮೇಲೆ ಸರಿಯಾಯಿತು. "ನೋಡಿ ಸರ್, ಸರಿಯಾಯ್ತು" ಎಂದೆ. ಒಂದು ಗಂಟೆಯಲ್ಲಿ ಮತ್ತೆ ಅದೇ ಕತೆ. ಕ್ಲರ್ಕ್ ಮೇಡಂ ಕಂಪ್ಯೂಟರಿನಲ್ಲಿ ಡಿಎನ್‌ಎಸ್ ನೆನಪು ಅಳಿಸುವ ಆದೇಶ ಕೊಟ್ಟೆ. ಪುಟ ತೆರೆಯಿತು. ಮತ್ತೆ ಹೆಮ್ಮೆ. ಮತ್ತೆ ಅರ್ಧ ಗಂಟೆಗೆ ಅದೇ. ಬಂದು ಹೋಗುವ ತೊಂದರೆಯ ಗುಣವೇ ಹೀಗೆ. ಏನು ಮಾಡಿದರೂ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಸರಿಹೋಗುತ್ತದೆ, ಸರಿಮಾಡಿದ ಹೆಸರು ನಾವು ತೆಗೆದುಕೊಳ್ಳುತ್ತೇವೆ.

ಮೂರನೆಯ ಪ್ರಯೋಗ ಇನ್ನೂ ಜಾಣತನದ್ದು. ಮೇಡಂ ಕಂಪ್ಯೂಟರಿಗೆ ನಮ್ಮ ಸರ್ವರನ್ನು ಕೇಳಬೇಡ, ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಅನ್ನು ಕೇಳು ಎಂದು ಬರೆದುಬಿಟ್ಟೆ. ಹೊರಗಿನ ಪುಟಗಳೆಲ್ಲ ಫಟಾಫಟ್ ತೆರೆದವು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಹೋದರೆ ಶುಲ್ಕದ ರಿಜಿಸ್ಟರ್ ತೆರೆಯುತ್ತಿಲ್ಲ, ಕೌಂಟರಿನಲ್ಲಿ ಪೋಷಕರ ಸಾಲು ನಿಂತಿದೆ. ಏಕೆಂದರೆ ಆ ರಿಜಿಸ್ಟರ್ ಇರುವುದು ನಮ್ಮ ಸರ್ವರಿನ ಒಳಗೆ. ಅದರ ಹೆಸರು ನಮ್ಮ ಸರ್ವರಿಗೆ ಮಾತ್ರ ಗೊತ್ತು. ಗೂಗಲ್‌ಗೆ ನಮ್ಮ ಕಾಲೇಜಿನ ಶುಲ್ಕದ ಪುಸ್ತಕ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಅದು ಅಂಥ ಹೆಸರೇ ಇಲ್ಲ ಎಂದು ಉತ್ತರ ಕೊಟ್ಟಿತು, ಕಂಪ್ಯೂಟರ್ ಆ ಮಾತನ್ನು ನಂಬಿತು.

ಸರ್ ಬೈಯಲಿಲ್ಲ. ಹಳೆಯದನ್ನೇ ಮತ್ತೆ ಹಾಕಿ, ನನ್ನ ಕೈಗೆ 100 ಪುಟದ ಒಂದು ನೋಟ್‌ಬುಕ್ ಕೊಟ್ಟರು. "ಎರಡು ದಿನ ಏನೂ ಮುಟ್ಟಬೇಡ. ಬಿಡುವಾದಾಗೆಲ್ಲ ಬಾ. ಎಷ್ಟು ಹೊತ್ತಿಗೆ ಕೆಟ್ಟಿತು, ಯಾವ ಹೆಸರು, ಯಾರನ್ನು ಕೇಳಿದೆ, ಏನು ಉತ್ತರ ಬಂತು, ಬರಿ ಬರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ." ನಾನು ತರಗತಿಯಲ್ಲಿರುವಾಗ ಕ್ಲರ್ಕ್ ಮೇಡಂ ಹೊತ್ತು ಗುರುತು ಹಾಕಿಡಲು ಒಪ್ಪಿದರು.

ಇಲ್ಲಿ ಡಿಎನ್‌ಎಸ್ ಎಂದರೇನು ಎಂದು ಕಲಾ, ವಾಣಿಜ್ಯ ವಿಭಾಗದ ಗೆಳತಿಯರಿಗಾಗಿ ಎರಡು ಮಾತು. ನಿಮ್ಮ ಫೋನಿನಲ್ಲಿ ಅಮ್ಮಿ ಎಂದು ಒತ್ತಿದರೆ ಕರೆ ಹೋಗುವುದು ಆ ಹೆಸರಿಗಲ್ಲ, ಅದರ ಹಿಂದಿರುವ ಸಂಖ್ಯೆಗೆ. ಇಂಟರ್ನೆಟ್ಟಿನಲ್ಲೂ ಹಾಗೆಯೇ. ನಾವು ಹೆಸರು ಬರೆಯುತ್ತೇವೆ, ಕಂಪ್ಯೂಟರಿಗೆ ಬೇಕಾಗಿರುವುದು ಸಂಖ್ಯೆ. ಮೊದಲ ಕಾಲದಲ್ಲಿ ಎಲ್ಲ ಹೆಸರು, ಸಂಖ್ಯೆಗಳೂ ಒಂದೇ ಒಂದು ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರೆಲ್ಲ ಅದರ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಾದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹೆಸರುಗಳನ್ನು ಹಂಚಿಕೊಂಡು ಇಟ್ಟುಕೊಳ್ಳುವ, ಒಬ್ಬರು ಇನ್ನೊಬ್ಬರನ್ನು ಕೇಳಿ ತಿಳಿಯುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇವತ್ತು ಕನ್ನಡ ಲಿಪಿಯಲ್ಲೇ '.ಭಾರತ' ಎಂದು ಮುಗಿಯುವ ಹೆಸರನ್ನೂ ಇದೇ ವ್ಯವಸ್ಥೆ ಹುಡುಕಿಕೊಡುತ್ತದೆ.

ನಮ್ಮ ಆಫೀಸಿನ ಕಂಪ್ಯೂಟರುಗಳು ಹೆಸರು ಕೇಳುವುದು ನಮ್ಮ ಸರ್ವರನ್ನು. ಅದಕ್ಕೆ ಗೊತ್ತಿದ್ದರೆ ಹೇಳುತ್ತದೆ. ಗೊತ್ತಿಲ್ಲದಿದ್ದರೆ ತನ್ನಲ್ಲಿರುವ ಒಂದು ಪಟ್ಟಿ ನೋಡಿ ಹೊರಗಿನವರನ್ನು ಕೇಳಿ ಬಂದು ಹೇಳುತ್ತದೆ. ಕೇಳಿ ತಂದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಆ ಹೆಸರಿನ ಮಾಲೀಕರೇ ನಿಗದಿ ಮಾಡಿರುತ್ತಾರೆ. ಕೆಲವಕ್ಕೆ ಒಂದು ದಿನ, ಕೆಲವಕ್ಕೆ 300 ಸೆಕೆಂಡ್, ಅಂದರೆ ಬರೀ ಐದು ನಿಮಿಷ.

ನೋಟ್‌ಬುಕ್ ತುಂಬತೊಡಗಿತು. ಮೊದಲ ಪುಟದಲ್ಲೇ ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಪುಟ ತೆರೆಯದೆ ಇದ್ದ ಹೊತ್ತಿನಲ್ಲೇ 8.8.8.8 ಎಂಬ ಸಂಖ್ಯೆಗೆ ಪಿಂಗ್ ಮಾಡಿದೆ. ಪಿಂಗ್ ಎಂದರೆ ಆ ಕಡೆಯವರನ್ನು 'ಇದ್ದೀರಾ?' ಎಂದು ಕೂಗಿ ಕೇಳುವುದು. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ತಂತಿ ಸರಿಯಾಗಿದೆ, ಪೆಟ್ಟಿಗೆ ಸರಿಯಾಗಿದೆ, ಹೊರಗಿನ ಲೈನೂ ಸರಿಯಾಗಿದೆ. ಚಾಚಾ ನೆಟ್‌ವರ್ಕ್ ಪೆಟ್ಟಿಗೆಯನ್ನು ಆಫ್ ಮಾಡಿದ್ದರೆ ಸಂಖ್ಯೆಗೂ ದಾರಿ ಇರುತ್ತಿರಲಿಲ್ಲ. ಇಷ್ಟು ತಿಳಿಯಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಖರ್ಚು ಮಾಡುವ ಮೊದಲೇ ನಾನು ಅವರ ಹೆಸರು ಹೇಳಿಬಿಟ್ಟಿದ್ದೆ.

ಎರಡನೆಯ ಪುಟದಲ್ಲಿ ಇನ್ನೊಂದು ಗೊತ್ತಾಯಿತು. ತೊಂದರೆ ಮಧ್ಯಾಹ್ನ ಮಾತ್ರ ಅಲ್ಲ, ಬೆಳಿಗ್ಗೆ ಒಂಬತ್ತೂವರೆಗೂ ಇರುತ್ತಿತ್ತು. ಕಂಪ್ಯೂಟರ್ ಈಗ ತಾನೇ ಆನ್ ಆಗಿದೆ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಷ್ಟೇ. ಆ ಎರಡನೆಯ ದಿನ ಚಾಚಾ ಮಗಳ ಮನೆಗೆಂದು ರಜೆ ಹಾಕಿದ್ದರು. ಅವತ್ತೂ ಎರಡು ಗಂಟೆಗೆ ಕೆಟ್ಟಿತ್ತು.

ಆಮೇಲೆ ಎನ್‌ಎಸ್‌ಲುಕಪ್ ಎಂಬ ಆದೇಶದಿಂದ ಒಂದೇ ಹೆಸರನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೇಳಿದೆ. ಹೊರಗಿನವರನ್ನು ನೇರವಾಗಿ ಕೇಳಿದರೆ ಪ್ರತಿ ಸಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನಮ್ಮ ಸರ್ವರನ್ನು ಕೇಳಿದರೆ ಮೊದಲ ಸಲ '2 ಸೆಕೆಂಡ್ ಕಾದೆ, ಉತ್ತರವಿಲ್ಲ' ಎಂಬ ಸಾಲು. ತುಸು ತಡೆದು ಮತ್ತೆ ಕೇಳಿದರೆ ತಕ್ಷಣ ಉತ್ತರ. ಯಾವ ಹೊಸ ಹೆಸರು ಕೇಳಿದರೂ ಹೀಗೇ. ಮೊದಲ ಸಲ ತಡ, ಎರಡನೆಯ ಸಲ ಬೇಗ. ಹತ್ತು ಹೆಸರು ಕೇಳಿದೆ, ಹತ್ತರಲ್ಲೂ ಇದೇ.

ನೋಟ್‌ಬುಕ್ ಸರ್ ಮುಂದೆ ಇಟ್ಟೆ. ಅವರು ಓದಿ, "ಅಂದರೆ ಸರ್ವರಿಗೆ ಉತ್ತರ ಸಿಗುತ್ತಿದೆ. ಆದರೆ ಎಲ್ಲೋ ಕಾದು ಬರುತ್ತಿದೆ. ಯಾರಿಗಾಗಿ ಕಾಯ್ತಿದೆ?" ಎಂದರು. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ಹಾಕಿಕೊಟ್ಟವರು ಕಾಲೇಜು ಬಿಟ್ಟು ವರ್ಷಗಳಾಗಿದ್ದವು.

ಆ ಸಂಜೆ ಚಾಚಾರನ್ನು ಹುಡುಕಿಕೊಂಡು ಹೋದೆ. ಅವರು ಸೈಕಲ್ ಸ್ಟ್ಯಾಂಡಿನ ಹತ್ತಿರ ಕುಳಿತಿದ್ದರು. ಸಲಾಂ ಹೇಳಿದೆ. ಹೇಗೆ ಶುರು ಮಾಡಬೇಕೋ ಗೊತ್ತಾಗದೆ, "ಚಾಚಾ, ನಾನು ಹೇಳಿದ್ದು ಸುಳ್ಳಾಯ್ತು. ನಿಮ್ಮಿಂದ ಏನೂ ಆಗಿಲ್ಲ. ನಾನು ನೋಡದೇ ಹೇಳಿಬಿಟ್ಟೆ. ಮಾಫ್ ಮಾಡಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೇಟಿ, ಆ ಮೂಲೇಲಿ ನಾನು ಆಫ್ ಮಾಡ್ತಿದ್ದದ್ದು ಪ್ರಿಂಟರ್‌ದು. ಬಿಸಿ ಆಗುತ್ತೆ ಅಂತ ಕ್ಲರ್ಕ್ ಮೇಡಮ್ಮೋರೇ ಹೇಳಿದ್ರು."

"ಹಾಗಾದರೆ ಅವತ್ತು ಪ್ರಿನ್ಸಿಪಾಲ್ ಸರ್ ಮುಂದೆ ಯಾಕೆ ಹೇಳಲಿಲ್ಲ ಚಾಚಾ?"

"ಅವರು ಯಾಕೆ ಆಫ್ ಮಾಡಿದೆ ಅಂತ ಕೇಳಿದ್ರು. ಏನು ಆಫ್ ಮಾಡಿದೆ ಅಂತ ಯಾರೂ ಕೇಳ್ಲೇ ಇಲ್ವಲ್ಲ. ದೊಡ್ಡೋರ ಎದುರು ನಾನು ಮೇಡಮ್ಮೋರ ಹೆಸರು ಎತ್ತೋದು ಚೆನ್ನಾಗಿರಲ್ಲ."

ನನಗೆ ಅಳು ಬಂತು. ಅವರೇ ಮಾತು ಬದಲಿಸಲೆಂದೋ ಏನೋ, "ಈ ತಾಪತ್ರಯ ಶುರುವಾಗಿದ್ದು ಆ ಹೊಸ ಲೈನ್ ಹಾಕಿದ ಮೇಲೆ. ದಸರಾ ರಜೇಲಿ ಬಂದಿದ್ದನಲ್ಲ, ಬಾಗಿಲು ತೆಗೆದುಕೊಟ್ಟಿದ್ದು ನಾನೇ. ಬಸ್ಸಿಗೆ ಹೊತ್ತಾಯ್ತು ಅಂತ ಅವಸರ ಮಾಡ್ಕೊಂಡು ಹೋದ. ಹಳೇ ಲೈನಿನ ಪೆಟ್ಟಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟ, ಸ್ಟೋರಲ್ಲಿ ಇಟ್ಟಿದೀನಿ" ಎಂದರು.

ಹೊಸ ಲೈನ್! ರಜೆಯಲ್ಲಿ ಇಂಟರ್ನೆಟ್ ಕಂಪನಿ ಬದಲಾದದ್ದು ನಮ್ಮ ತರಗತಿಗೆ ಗೊತ್ತಿರಲಿಲ್ಲ. ಸರ್ ಆ ರಜೆಯಲ್ಲಿ ತರಬೇತಿಗೆ ಹೋಗಿದ್ದರು. ಬದಲಾಗಿದೆ ಎಂದು ಗೊತ್ತಿದ್ದ ಆಫೀಸಿನವರಿಗೆ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಓಡಿಹೋಗಿ ಸರ್‌ಗೆ ಹೇಳಿದೆ.

ಅವರು ಸರ್ವರ್ ಮುಂದೆ ಕುಳಿತರು. ಪಾಸ್‌ವರ್ಡ್ ಹೊಡೆಯುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಡಿಎನ್‌ಎಸ್ ವಿಭಾಗದಲ್ಲಿ ಹೊರಗಿನವರನ್ನು ಕೇಳುವ ಪಟ್ಟಿಯನ್ನು ತೆರೆದರು. ಅದರಲ್ಲಿ ಮೂರು ವಿಳಾಸಗಳಿದ್ದವು. ಮೊದಲ ಎರಡರ ಎದುರು ಕೆಂಪು ಗುರುತು, ಮೂರನೆಯದರ ಎದುರು ಹಸಿರು. ಮೊದಲ ಎರಡೂ ಹಳೆಯ ಕಂಪನಿಯ ವಿಳಾಸಗಳು. ಹೊಸ ಲೈನ್ ಹಾಕಿದವರು ಹೊಸ ವಿಳಾಸವನ್ನು ಕೆಳಗೆ ಸೇರಿಸಿದ್ದರು, ಮೇಲಿನ ಎರಡನ್ನು ತೆಗೆದಿರಲಿಲ್ಲ. ಹಳೆಯ ಕಂಪನಿ ಉತ್ತರ ಕೊಡುವುದು ತನ್ನ ಗ್ರಾಹಕರಿಗೆ ಮಾತ್ರ. ನಾವು ಈಗ ಅವರ ಗ್ರಾಹಕರಲ್ಲ. ಅವು ಕೊಡುವುದಿಲ್ಲ ಎಂದಾದರೂ ಹೇಳಿದ್ದರೆ ನಮ್ಮ ಸರ್ವರ್ ಕೂಡಲೇ ಮುಂದಿನವರ ಬಳಿ ಹೋಗುತ್ತಿತ್ತು. ಅವು ಏನೂ ಹೇಳುತ್ತಿರಲಿಲ್ಲ. ನಮ್ಮದು ಹಳೆಯ ವಿಂಡೋಸ್ ಸರ್ವರ್, ಪಟ್ಟಿಯ ಕ್ರಮ ಬಿಟ್ಟು ಕೇಳುತ್ತಿರಲಿಲ್ಲ. ಮೊದಲನೆಯವರಿಗಾಗಿ 3 ಸೆಕೆಂಡ್ ಕಾಯುತ್ತಿತ್ತು. ಎರಡನೆಯವರಿಗಾಗಿ ಮತ್ತೆ 3 ಸೆಕೆಂಡ್. ಆಮೇಲೆ ಮೂರನೆಯವರನ್ನು ಕೇಳಿ ಕ್ಷಣದಲ್ಲಿ ಉತ್ತರ ತರುತ್ತಿತ್ತು.

ನೋಟ್‌ಬುಕ್ಕಿನ ಎಲ್ಲ ಸಾಲುಗಳಿಗೂ ಅಲ್ಲೇ ಅರ್ಥ ಸಿಕ್ಕಿತು. 6 ಸೆಕೆಂಡ್ ಕಾಯುವಷ್ಟರಲ್ಲಿ ಕೇಳಿದ ಕಂಪ್ಯೂಟರಿನ ತಾಳ್ಮೆ ಎಷ್ಟೋ ಸಲ ಮುಗಿದಿರುತ್ತಿತ್ತು. ಆದರೆ ಸರ್ವರ್ ಉತ್ತರ ತಂದು ನೆನಪಿಟ್ಟುಕೊಂಡಿರುತ್ತಿತ್ತು, ಆದ್ದರಿಂದ ಎರಡನೆಯ ಸಲ ಬೇಗ. ಒಂದು ಅರ್ಜಿಯ ಪುಟಕ್ಕೆ ಒಂದೇ ಹೆಸರು ಸಾಲದು, ಫೋಟೋಗೆ ಒಂದು, ಒಟಿಪಿಗೆ ಒಂದು, ಹೀಗೆ ಹಲವು ಹೆಸರು ಬೇಕು. ಅದಕ್ಕೇ ಪುಟ ಅರ್ಧ ಮಾತ್ರ ಬರುತ್ತಿದ್ದದ್ದು. ಎಲ್ಲರೂ ಕೆಲಸ ಮಾಡುತ್ತಿರುವಾಗ ಒಬ್ಬರು ಕಾದು ಪಡೆದ ಉತ್ತರ ಉಳಿದವರಿಗೂ ಒದಗುತ್ತಿತ್ತು. ಬ್ರೇಕಿನ ಮುಕ್ಕಾಲು ಗಂಟೆ ಯಾರೂ ಏನೂ ಕೇಳದಿದ್ದರೆ ನೆನಪಿನ ಅವಧಿ ಮುಗಿದು ಎಲ್ಲವನ್ನೂ ಹೊಸದಾಗಿ ಕೇಳಬೇಕಾಗುತ್ತಿತ್ತು. ರಾತ್ರಿ ಕಳೆದ ಮೇಲೂ ಹಾಗೇ, ರೀಸ್ಟಾರ್ಟ್ ಮಾಡಿದ ಮೇಲೂ ಹಾಗೇ. ನಮಾಝಿನ ಬ್ರೇಕಿಗೂ ಚಾಚಾರಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಅಷ್ಟೇ.

ಸರ್ ಮೊದಲು ಆ ಪಟ್ಟಿಯ ಫೋಟೋ ತೆಗೆದುಕೊಂಡರು. ಆಮೇಲೆ ಸತ್ತ ಎರಡು ವಿಳಾಸಗಳನ್ನು ಅಳಿಸಿ, ಹೊಸ ಕಂಪನಿಯ ಇನ್ನೊಂದು ವಿಳಾಸವನ್ನು ಕೇಳಿ ಪಡೆದು ಸೇರಿಸಿದರು. ಕೆಲಸ ಎರಡು ನಿಮಿಷದ್ದು. "ಈಗಲೇ ಸರಿಯಾಯ್ತು ಅನ್ನಬೇಡ" ಎಂದರು. ಹಾಗಾಗಿ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮತ್ತು ಮಧ್ಯಾಹ್ನ ಎರಡಕ್ಕೆ ಅದೇ ಹತ್ತು ಹೆಸರುಗಳನ್ನು ಮತ್ತೆ ಕೇಳಿದೆ. ಹತ್ತಕ್ಕೆ ಹತ್ತೂ ಮೊದಲ ಸಲಕ್ಕೇ ಬಂದವು. ಆಮೇಲೆ ನೋಟ್‌ಬುಕ್ಕಿನಲ್ಲಿ 'ಸರಿಯಾಯಿತು' ಎಂದು ಬರೆದೆ. ಆ ಪದವನ್ನು ನಾನು ಬರೆದದ್ದು ಅದೊಂದೇ ಸಲ.

ಕೊನೆಯ ದಿನಕ್ಕೆ ಮೊದಲೇ 63 ಅರ್ಜಿಗಳೂ ಮುಗಿದವು. ಅಲ್ಹಮ್ದುಲಿಲ್ಲಾಹ್. ಕ್ಲರ್ಕ್ ಮೇಡಂ ಆ ಪ್ರಥಮ ಪಿಯುಸಿ ಹುಡುಗನ ಅರ್ಜಿಯನ್ನೇ ಮೊದಲು ಮಾಡಿದರು. ಅವನು ಕಳೆದುಕೊಂಡ ಮೂರು ಶನಿವಾರದ ಕೂಲಿಯನ್ನು ಮಾತ್ರ ಯಾರೂ ವಾಪಸ್ ಕೊಡಲಾಗಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಚಾಚಾರ ಹತ್ತಿರ ಸೈಕಲ್ ಸ್ಟ್ಯಾಂಡಿನಲ್ಲಿ ಕ್ಷಮೆ ಕೇಳಿದರೆ ಸಾಲದು, ಆರೋಪ ಎಲ್ಲಿಯವರೆಗೆ ಹೋಗಿತ್ತೋ ಕ್ಷಮೆಯೂ ಅಲ್ಲಿಯವರೆಗೆ ಹೋಗಬೇಕು ಎಂದು ಅಮ್ಮಿ ಹೇಳಿದರು. ನೋಟ್‌ಬುಕ್ ಹಿಡಿದುಕೊಂಡು ಪ್ರಿನ್ಸಿಪಾಲ್ ಸರ್ ಕೊಠಡಿಗೆ ಹೋದೆ. ಕಾಲು ನಡುಗುತ್ತಿತ್ತು. ಎಲ್ಲ ಹೇಳಿದೆ. ಅವರು ಪುಟಗಳನ್ನು ತಿರುವಿ ನೋಡಿ, ಗಂಟೆ ಒತ್ತಿ ಚಾಚಾರನ್ನು ಕರೆಸಿದರು. ಎದ್ದು ನಿಂತು, "ನಾನೂ ವಿಚಾರಿಸದೆ ಮಾತಾಡಿದೆ, ಬೇಜಾರು ಮಾಡ್ಕೋಬೇಡಿ" ಎಂದರು. ಚಾಚಾ, "ಅಯ್ಯೋ, ಪರವಾಗಿಲ್ಲ ಸಾಬ್" ಎಂದು ಹೊರಗೆ ಬಂದು, ಆ ದಿನ ಮೂರನೆಯ ಪೀರಿಯಡ್ ಗಂಟೆಯನ್ನು ಎರಡು ನಿಮಿಷ ತಡವಾಗಿ ಹೊಡೆದರು. ಆ ಗಂಟೆ ಏಕೆ ತಡವಾಯಿತು ಎಂದು ಅವತ್ತು ನೀವು ಕೇಳಿದ್ದಿರಿ. ಕಾರಣ ಇದು.

ಈಗ ಸರ್ವರ್ ಪಕ್ಕದಲ್ಲಿ ಒಂದು ರಟ್ಟು ನೇತುಹಾಕಿದ್ದೇವೆ. ಯಾವ ವಿಳಾಸ ಯಾರದು, ಯಾವ ದಿನ ಏನು ಬದಲಾಯಿತು, ಯಾರು ಬದಲಿಸಿದರು, ಎಲ್ಲವನ್ನೂ ಅದರಲ್ಲಿ ಬರೆಯುತ್ತೇವೆ. ಅದರ ಮೊದಲ ಸಾಲು ದಸರಾ ರಜೆಯಲ್ಲಿ ಹೊಸ ಲೈನ್ ಬಂದ ದಿನಾಂಕ. ಆ ದಿನಾಂಕವನ್ನು ನೆನಪಿನಿಂದ ಹೇಳಿದವರು ಚಾಚಾ.

ನಾನು ಮಾರ್ಚಿನಲ್ಲಿ ಪರೀಕ್ಷೆ ಬರೆದು ಹೋಗುತ್ತೇನೆ. ನೋಟ್‌ಬುಕ್ ಲ್ಯಾಬಿನ ಕಪಾಟಿನಲ್ಲಿದೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ. ಪ್ರಥಮ ಪಿಯುಸಿಯವರಲ್ಲಿ ಯಾರಿಗಾದರೂ ಇಂಥ ಕೆಲಸ ಇಷ್ಟವಿದ್ದರೆ ಸರ್‌ರನ್ನು ಕೇಳಿ ತೆಗೆದುಕೊಳ್ಳಿ. ಏನಾದರೂ ಕೆಟ್ಟರೆ ಮೊದಲು ಸಂಖ್ಯೆಗೆ ಪಿಂಗ್ ಮಾಡಿ, ಆಮೇಲೆ ಹೆಸರು ಕೇಳಿ, ಆಮೇಲೆ ಇನ್ನೊಬ್ಬರಿಗೆ ಅದೇ ಹೆಸರು ಕೇಳಿ. ಒಂದೊಂದನ್ನೂ ಬರೆದಿಡಿ. ಯಾರಾದರೂ ಉತ್ತರ ಕೊಡದೆ ಸುಮ್ಮನಿದ್ದರೆ ಅದನ್ನು ಹೌದು ಎಂದೂ ತಿಳಿಯಬೇಡಿ, ಇಲ್ಲ ಎಂದೂ ತಿಳಿಯಬೇಡಿ. ಹತ್ತಿರ ಹೋಗಿ ಸರಿಯಾದ ಪ್ರಶ್ನೆ ಕೇಳಿ.

— ದ್ವಿತೀಯ ಪಿಯುಸಿ (ಪಿಸಿಎಂಸಿ) ವಿದ್ಯಾರ್ಥಿನಿ